ಜಗಳಕ್ಕೊಂದು ಮನ್ನಣೆ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದವರು ಈ ಮನೆಗೆ ಬಂದಿರಲಿಕ್ಕಿಲ್ಲ. ಇಲ್ಲಿ ಎಲ್ಲರಿಗೂ ಮಾತು ಬರುತ್ತಿತ್ತು, ಅದೇ ತೊಂದರೆ. ಮಾವ ಚರ್ಚಿನ ಶಾಲೆಯಲ್ಲಿ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಊರವರ ಬಾಯಲ್ಲಿ ಇಂದಿಗೂ ಬೆತ್ತದ ಮೇಷ್ಟ್ರು. ಸೊಸೆ ಅದೇ ಶಾಲೆಯಲ್ಲಿ ಗಣಿತದ ಟೀಚರ್. ಮಗನಿಗೆ ಬಸ್ ನಿಲ್ದಾಣದ ಎದುರು ಕನ್ನಡಕದ ಅಂಗಡಿ. ಮೊಮ್ಮಗಳು ಅದೇ ಶಾಲೆಯಲ್ಲಿ ಏಳನೇ ತರಗತಿ. ಎದುರುತ್ತರ ನಾಲಗೆಯ ತುದಿಯಲ್ಲಿಟ್ಟುಕೊಂಡೇ ಹುಟ್ಟಿದವಳಾದ್ದರಿಂದ ಮನೆಯಲ್ಲಿ ಅವಳಿಗೆ ವಕೀಲಮ್ಮ ಎಂದೇ ಹೆಸರು. ಉಳಿದವರು ಅತ್ತೆ. ಅವರದು ಮಾತು ಕಡಿಮೆ. ಹೇಳಬೇಕಾದ್ದನ್ನೆಲ್ಲ ಪಾತ್ರೆ ಇಡುವ ಸದ್ದಿನಲ್ಲೇ ಹೇಳಿಬಿಡುತ್ತಿದ್ದರು.

ಆ ಸಂಜೆ ಸೊಸೆ ಆಲೂಗಡ್ಡೆ ಸುಲಿಯುತ್ತ ಸುದ್ದಿ ಹೇಳಿದಳು. ಚರ್ಚಿನ ಶಾಲೆಗಳ ಮಂಡಳಿ ಪ್ರತಿವರ್ಷ ತನ್ನ ಶಾಲೆಗಳಲ್ಲಿ ನಡೆಯುವ ಹೊಸ ಪ್ರಯೋಗಗಳಲ್ಲಿ ಒಂದನ್ನು ಆರಿಸಿ ಮನ್ನಣೆ ಕೊಡುತ್ತದೆ. ಈ ಸಲ ಅವಳ ‘ಜಗಳದ ಮೇಜು’ ಕೊನೆಯ ಸುತ್ತಿಗೆ ಬಂದಿತ್ತು.

“ಸಿಕ್ಕಿದ್ರೆ ಏನಾಗುತ್ತೆ?” ಅತ್ತೆ ಕೇಳಿದರು.

“ಮೇಜು ಉಳಿಯುತ್ತೆ ಅತ್ತೆ. ಬೇರೆ ಶಾಲೆಗಳಿಗೂ ಹೋಗುತ್ತೆ.”

“ಸಿಗದೇ ಇದ್ರೆ?”

“ನಮ್ಮ ಶಾಲೆ ಕಮಿಟಿಯೋರು ಹೇಳಿಬಿಟ್ಟಿದಾರೆ. ಮುಂದಿನ ವರ್ಷದಿಂದ ಆ ಕೋಣೆ ಮತ್ತೆ ಶಿಕ್ಷೆ ಕೋಣೆ.”

“ಒಳ್ಳೇ ಕೋಣೆ ಅದು,” ಊಟದ ಮೇಜಿನ ತುದಿಯಿಂದ ಮಾವ ಹೇಳಿದರು. “ಅಲ್ಲಿ ಕೂತು ಎಷ್ಟೋ ಜನ ಮನುಷ್ಯರಾದ್ರು.”

ಸೊಸೆಯ ಕೈಯಲ್ಲಿದ್ದ ಆಲೂಗಡ್ಡೆ ಬೇಕಾದ್ದಕ್ಕಿಂತ ಸಣ್ಣದಾಗತೊಡಗಿತು.

ಜಗಳದ ಮೇಜಿನ ನಿಯಮ ಸುಲಭ. ಜಗಳವಾಡಿದ ಇಬ್ಬರು ಎದುರುಬದುರು ಕೂರಬೇಕು. ಒಬ್ಬರು ತಮ್ಮ ಸಂಕಟ ಹೇಳಬೇಕು. ಇನ್ನೊಬ್ಬರು ಅದನ್ನೇ, ಉಪ್ಪುಖಾರ ಸೇರಿಸದೆ, ತಿರುಗಿ ಹೇಳಬೇಕು. ಹೇಳಿದವರು “ಹೌದು, ಅದೇ” ಅನ್ನುವ ತನಕ ಬಿಡುಗಡೆ ಇಲ್ಲ. ಆಮೇಲೆ ಸರದಿ ಬದಲು. ಟೀಚರುಗಳು ತಲೆ ಹಾಕುವುದಿಲ್ಲ. ವಾರಕ್ಕೊಬ್ಬರಂತೆ ವಿದ್ಯಾರ್ಥಿಗಳದೇ ಕಾವಲು. ಮತ್ತೆ, ಯಾರೂ ಯಾರ ಬಾಯಿಂದಲೂ ಕ್ಷಮೆ ಕೇಳಿಸುವಂತಿಲ್ಲ. ಈ ಕೊನೆಯ ನಿಯಮ ಮಾವನ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು.

“ಕ್ಷಮೆ ಕೇಳೋದು ಕಲಿಸದೆ ಇದ್ರೆ ಅದ್ಯಾವ ಸೀಮೆ ಕ್ರೈಸ್ತ ಶಾಲೆ ಅಮ್ಮಾ?” ಸೂಪಿನ ಬಟ್ಟಲು ಮುಂದೆ ಬಂದಾಗ ಮಾವ ಮತ್ತೆ ಎತ್ತಿದರು.

“ಬಲವಂತ ಮಾಡಿದ್ರೆ ಕೇಳ್ತಾರೆ ಮಾವ, ಬಸ್ಸಲ್ಲಿ ಟಿಕೆಟ್ ತಗೊಂಡ ಹಾಗೆ. ಇಳಿದ ಮೇಲೆ ಬಿಸಾಕ್ತಾರೆ.”

“ನನ್ನ ಕಾಲದಲ್ಲಿ ಇಡೀ ಶಾಲೆ ಎದುರು ನಿಂತು ಕೇಳ್ತಿದ್ರು. ಕೇಳಿದವನು ಇನ್ನೊಂದು ಸಲ ತಪ್ಪು ಮಾಡ್ತಿರಲಿಲ್ಲ.”

“ಸಿಕ್ಕಿಬೀಳ್ತಿರಲಿಲ್ಲ, ಅಷ್ಟೆ,” ಎಂದಳು ವಕೀಲಮ್ಮ, ಬ್ರೆಡ್ಡು ಅದ್ದುತ್ತ.

ಮಾವ ಮಗನ ಕಡೆ ನೋಡಿದರು. ಸೊಸೆಯೂ ಗಂಡನ ಕಡೆ ನೋಡಿದಳು. ಮದ್ದಳೆಗೆ ಎರಡೂ ಕಡೆ ಪೆಟ್ಟು ಎಂದು ಬಲ್ಲ ಅವನು ಸೂಪಿನಲ್ಲಿ ಏನೋ ಬಿದ್ದಿದೆಯೆಂಬಂತೆ ಬಟ್ಟಲನ್ನೇ ಪರೀಕ್ಷಿಸಿದ.

“ಸರಿ,” ಎಂದರು ಮಾವ. “ನನ್ನ ಮೂವತ್ತು ವರ್ಷ ನೀರಲ್ಲಿ ಹೋಮ ಆಯ್ತು. ಇಲ್ಲಿ ಕೂತು ದಿನಾ ಅದನ್ನೇ ಕೇಳೋದು ಯಾಕೆ?” ತಟ್ಟೆ, ಬಟ್ಟಲು, ಚಮಚ ಎತ್ತಿಕೊಂಡು ಜಗಲಿಗೆ ಹೋದರು. ಮರುದಿನವೂ ಅಲ್ಲೇ ಉಂಡರು, ಅದರ ಮರುದಿನವೂ. ಯಾರೂ ಕರೆಯಲಿಲ್ಲ. ಅವರಿಗೆ ನೆಮ್ಮದಿ ಬೇಕೇನೋ ಎಂದು ಸೊಸೆ ಸುಮ್ಮನಿದ್ದಳು. “ಬೇಕಾದ್ರೆ ತಾವೇ ಬರ್ತಾರೆ,” ಎಂದು ಅತ್ತೆ ಸುಮ್ಮನಿದ್ದರು. ಮಗ ಸುಮ್ಮನಿರುವುದಕ್ಕೆ ಕಾರಣವೇ ಬೇಕಿರಲಿಲ್ಲ.

ಇತ್ತ ಶಾಲೆಯ ರೋಗ ಮನೆಗೂ ಅಂಟಿತು. ಒಂದು ಭಾನುವಾರ ಚರ್ಚಿನಿಂದ ಬಂದ ಮೇಲೆ ಅತ್ತೆ ಪಾತ್ರೆಗಳನ್ನು ಇಡುತ್ತಿದ್ದ ಸದ್ದಿಗೆ ಪಕ್ಕದ ಮನೆಯ ಕಿಟಕಿ ಮುಚ್ಚಿಕೊಂಡಿತು. ವಕೀಲಮ್ಮ ಅಡುಗೆಮನೆಯಲ್ಲಿ ಎರಡು ಸ್ಟೂಲು ಎಳೆದು ಹಾಕಿ, ಅಜ್ಜಿಯನ್ನೂ ಅಪ್ಪನನ್ನೂ ಹಿಡಿದು ಕೂರಿಸಿದಳು.

“ಜಗಳ ಆಡಿದವರ ಮನೆಯವರು ಕಾವಲಿಗೆ ಕೂರೋ ಹಾಗಿಲ್ಲ ಅಂತ ನಿಯಮ ಇದೆ ಅಲ್ವೇನೇ?” ಎಂದ ಅಪ್ಪ, ತಪ್ಪಿಸಿಕೊಳ್ಳುವ ದಾರಿ ನೋಡುತ್ತ.

“ತಾತ್ಕಾಲಿಕವಾಗಿ ಸಡಿಲಿಸಲಾಗಿದೆ. ಅಜ್ಜಿ, ನೀವು ಹೇಳಿ.”

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡರು. “ಕೊಳಾಯಿ ಸೋರ್ತಾ ಇದೆ ಅಂತ ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಊರಿನವರ ಕಣ್ಣಿಗೆಲ್ಲ ಗಾಜು ಹಾಕ್ತಾನೆ, ನನ್ನ ಅಡುಗೆಮನೆ ಇವನ ಕಣ್ಣಿಗೆ ಬೀಳಲ್ಲ.”

“ಅಮ್ಮನಿಗೆ ಕೊಳಾಯಿ ರಿಪೇರಿ ಆಗ್ಬೇಕು,” ಎಂದ ಮಗ.

“ಅಲ್ಲ.”

“ಕೊಳಾಯಿ ಸೋರ್ತಿದೆ.”

“ಅದೂ ಅಲ್ಲ. ಸರಿಯಾಗಿ ಹೇಳು.”

ಮಗ ತಲೆ ಕೆರೆದುಕೊಂಡ. “ಊರಿನವರ ಕಣ್ಣಿಗೆಲ್ಲ ಗಾಜು ಹಾಕ್ತೀನಿ. ನನ್ನ ಅಮ್ಮ ದಿನವೆಲ್ಲ ನಿಲ್ಲೋ ಜಾಗ ನನ್ನ ಕಣ್ಣಿಗೆ ಬೀಳಲ್ಲ.”

ಅತ್ತೆಯ ಮುಖ ಒಂದು ಕ್ಷಣ ಅಳುವಂತಾಗಿ, ಆಮೇಲೆ ಅರಳಿತು. “ಹೌದು, ಅದೇ,” ಎಂದರು. ಊಟಕ್ಕೆ ಮುಂಚೆ ಕೊಳಾಯಿ ರಿಪೇರಿಯಾಯಿತು. ಅತ್ತೆಗೆ ರುಚಿ ಹತ್ತಿತು. ಸ್ಟೂಲಿನಿಂದ ಏಳದೆ ಜಗಲಿಯ ಕಡೆಗೆ ತಿರುಗಿ, “ರೀ, ನೀವೂ ಬನ್ನಿ. ನನ್ನ ಹತ್ರ ಮದುವೆಯಾದಾಗಿಂದ ಬಾಕಿ ಇರೋವು ಸುಮಾರಿವೆ,” ಎಂದರು. ಮಾವ ಪತ್ರಿಕೆಯನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿದರು.

ಮುಂದಿನ ವಾರ ಬಂದ ಸುದ್ದಿ ಮಾತ್ರ ಯಾರನ್ನೂ ನಗಿಸಲಿಲ್ಲ. ಮಂಡಳಿಯ ತಂಡ ಶಾಲೆ ನೋಡಲು ಬರುವಾಗ, ಚರ್ಚಿನ ಒಬ್ಬ ಹಿರಿಯರ ಅಭಿಪ್ರಾಯ ಕೇಳುವುದು ಪದ್ಧತಿ. ಆ ಹಿರಿಯರು ಯಾರೆಂದು ಆರಿಸುವುದು ಚರ್ಚಿನ ಸಭೆಯ ಕೆಲಸ. ಸಭೆ ಒಮ್ಮತದಿಂದ ಬೆತ್ತದ ಮೇಷ್ಟ್ರನ್ನು ಆರಿಸಿತ್ತು.

“ಯಾರ ತಲೆಗೆ ಬಂತೋ ಇದು,” ಎಂದಳು ಸೊಸೆ, ಮೊಟ್ಟೆ ಒಡೆಯುತ್ತ. ಮೊಟ್ಟೆಯ ಜೊತೆ ಚಿಪ್ಪೂ ಬಾಣಲೆಗೆ ಬಿತ್ತು.

ಮಾವ ಚಹಾ ಲೋಟಕ್ಕಾಗಿ ಒಳಗೆ ಬಂದಿದ್ದರು. “ನಾನೇನೂ ಕೇಳಿಕೊಂಡು ಹೋಗಲಿಲ್ಲ. ಕರೆದಿದಾರೆ. ಕೇಳಿದ್ರೆ ಇದ್ದದ್ದು ಹೇಳ್ತೀನಿ. ಸುಳ್ಳು ಹೇಳಲ್ಲ.”

“ಸುಳ್ಳು ಹೇಳಿ ಅಂತ ನಾನೂ ಕೇಳಲ್ಲ ಮಾವ.”

“ಮಕ್ಕಳಿಗೆ ಭಯ ಹೋಗಿದೆ, ಇದು ಬರೀ ಮಾತಿನ ಸಂತೆ ಅಂತ ಹೇಳ್ತೀನಿ.”

“ನೀವು ಒಂದು ದಿನಾನಾದ್ರೂ ಬಂದು ನೋಡಿದೀರಾ?”

“ಯಾರಾದ್ರೂ ಕರೆದಿದಾರಾ?”

ಅತ್ತೆ ಲೋಟವನ್ನು ಮೇಜಿನ ಮೇಲೆ ಇಟ್ಟ ಸದ್ದಿಗೆ ಇಬ್ಬರೂ ಸುಮ್ಮನಾದರು.

ಮಗ ಅಂದು ಅಂಗಡಿಗೆ ಹೊರಟಾಗ ಅಪ್ಪನನ್ನೂ ಜೊತೆಗೆ ಕರೆದುಕೊಂಡ, ಕನ್ನಡಕದ ಕಾಲು ಸಡಿಲವಾಗಿದೆ ಎಂಬ ನೆಪದಲ್ಲಿ. ಸ್ಕ್ರೂ ತಿರುಗಿಸುತ್ತ ಮೆಲ್ಲಗೆ, “ಅಪ್ಪ, ಅವಳು ಎರಡು ವರ್ಷ ಒದ್ದಾಡಿ ಕಟ್ಟಿದ್ದು ಅದು,” ಎಂದ.

“ಗೊತ್ತು. ಒದ್ದಾಡಿದ್ದು ನನ್ನ ಕಣ್ಣೆದುರೇ ಅಲ್ವಾ? ಅದೇ ಶಾಲೆ, ಅದೇ ಕೋಣೆ. ಒಂದು ದಿನ ನನ್ನ ಹತ್ರ ಬಂದು, ಮಾವ, ನೀವಾಗಿದ್ರೆ ಏನು ಮಾಡ್ತಿದ್ರಿ ಅಂತ ಕೇಳಿದಾಳಾ?”

“ನಾನು ಹೇಳ್ಲಾ ಅವಳಿಗೆ?”

“ಹೇಳಿದ್ರೆ ಕಾಲು ಮುರೀತೀನಿ.”

ಅವನು ಹೇಳಲಿಲ್ಲ. ಸಂಜೆ ಹೆಂಡತಿ, “ಒಂದು ದಿನ ಕೂಡ ಮೇಜಲ್ಲಿ ಏನಾಯ್ತು ಅಂತ ನಿಮ್ಮಪ್ಪ ನನ್ನ ಕೇಳಿಲ್ಲ ಕಣ್ರೀ,” ಎಂದು ಕಣ್ಣು ಒರೆಸಿಕೊಂಡಾಗಲೂ, ಹಾಗೆ ಹೇಳಿದಳೆಂದು ಅಪ್ಪನಿಗೆ ತಿಳಿಸಲಿಲ್ಲ. ಎರಡು ಕಡೆಯ ಮಾತನ್ನೂ ನುಂಗಿ ಕುಳಿತ. ಒಳ್ಳೆಯವನೇ, ಆದರೆ ಇಂಥ ಒಳ್ಳೆಯತನದಿಂದ ಮನೆಗೆ ಕಾಸಿನ ಉಪಯೋಗವಿಲ್ಲ.

ತಂಡ ಬರುವ ದಿನ ಬಂತು. ಆ ದಿನ ಬೆಳಿಗ್ಗೆಯೇ ದೊಡ್ಡ ಎಡವಟ್ಟಾಯಿತು.

ಪ್ರಾರ್ಥನೆಗೆ ಮಕ್ಕಳೆಲ್ಲ ಅಂಗಳದಲ್ಲಿ ಸೇರಿದ್ದರು. ಶಾಲೆಯ ಫಾದರ್ ಒಳ್ಳೆಯ ಮನಸ್ಸಿನವರು. ಅತಿಥಿಗಳು ಬರುವ ದಿನ ಏನೂ ಹೆಚ್ಚುಕಡಿಮೆಯಾಗಬಾರದೆಂದು, “ದೇವರೇ, ಇವತ್ತು ನಮ್ಮ ಶಾಲೆಯಲ್ಲಿ ಸಂಪೂರ್ಣ ಸಮಾಧಾನ ನೆಲೆಸಲಿ. ಒಂದು ಸಣ್ಣ ಕಲಹವೂ ಇಲ್ಲದಿರಲಿ,” ಎಂದು ಮನತುಂಬಿ ಪ್ರಾರ್ಥಿಸಿದರು. ಇಡೀ ಶಾಲೆ ಒಂದೇ ಗಂಟಲಲ್ಲಿ “ಆಮೆನ್” ಎಂದಿತು. ಹೆಡ್ ಮೇಡಂ ಕೂಡ ಕಣ್ಣು ಮುಚ್ಚಿ “ಆಮೆನ್” ಎಂದರು. ಸೊಸೆಯೂ ಎಂದಳು. ಕಣ್ಣು ತೆರೆದ ಮೇಲಷ್ಟೇ, ಜಗಳದ ಮೇಜು ನೋಡಲು ಜನ ಬರುವ ದಿನ ತಾವು ಬೇಡಿಕೊಂಡದ್ದೇನು ಎಂಬುದು ಒಬ್ಬೊಬ್ಬರಿಗೂ ಹೊಳೆಯಿತು.

ಮಂಡಳಿಯಿಂದ ಬಂದವರು ಇಬ್ಬರು: ಎತ್ತರದ ಒಬ್ಬ ಸಿಸ್ಟರ್, ಇನ್ನೊಬ್ಬರು ತೆಳ್ಳಗಿನ ಪ್ರೊಫೆಸರ್. “ನಮಗೆ ಭಾಷಣ ಬೇಡ ಮೇಡಂ,” ಎಂದರು ಸಿಸ್ಟರ್. “ನಿಜವಾದ ಒಂದು ಜಗಳ ನೋಡಬೇಕು. ಅದು ಆ ಮೇಜಿಗೆ ಹೋಗಿ ಏನಾಗುತ್ತೆ ಅನ್ನೋದು ನೋಡಬೇಕು.”

ಎಲ್ಲರೂ ಜಗಳಕ್ಕಾಗಿ ಕಾದರು. ಮೊದಲ ಪೀರಿಯಡ್ ಮುಗಿಯಿತು, ಎರಡನೆಯದೂ ಮುಗಿಯಿತು. ಆಟದ ಬಿಡುವಿನಲ್ಲಿ ಹುಡುಗರು ಚೆಂಡನ್ನು “ನೀನೇ ಒದಿ”, “ಇಲ್ಲ ಇಲ್ಲ, ನೀನೇ” ಎನ್ನುತ್ತ ಒಬ್ಬರಿಗೊಬ್ಬರು ಒಪ್ಪಿಸುತ್ತಿದ್ದರು. ನೀರಿನ ನಲ್ಲಿಯ ಹತ್ತಿರ ಸಾಲು ನೇರವಾಗಿ ನಿಂತಿತ್ತು. ಬೇರೆ ದಿನ ಅಲ್ಲಿ ಮೊಣಕೈಗಳಿಗೆ ಬಿಡುವೇ ಇರುತ್ತಿರಲಿಲ್ಲ. ಬದ್ಧವೈರಿಗಳೆಂದು ಹೆಸರಾದ ಎಂಟನೇ ತರಗತಿಯ ಅವಳಿ ಹುಡುಗಿಯರು ಒಂದೇ ಬಿಸ್ಕತ್ತನ್ನು ಮುರಿದು ತಿನ್ನುತ್ತಿದ್ದರು. ಪ್ರೊಫೆಸರ್ ಎರಡು ಸಲ ಗಡಿಯಾರ ನೋಡಿಕೊಂಡರು.

“ದೇವರು ಕೇಳಿಸಿಕೊಂಡ್ಬಿಟ್ಟ,” ಎಂದರು ಹೆಡ್ ಮೇಡಂ, ಅಳುವ ದನಿಯಲ್ಲಿ. ಫಾದರ್ ತಲೆ ತಗ್ಗಿಸಿ ನಿಂತಿದ್ದರು.

ಊಟದ ಬಿಡುವಿಗೆ ಮಾವ ಬಂದರು. ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು. ಅವರನ್ನು ಕಂಡದ್ದೇ ಹಳೆಯ ಜವಾನ ಎದ್ದು ನಿಂತ. ಸಂಗತಿ ತಿಳಿದು ಮಾವ ಸೊಸೆಯನ್ನು ಕಾರಿಡಾರಿನ ಕಂಬದ ಪಕ್ಕಕ್ಕೆ ಕರೆದರು.

“ನೋಡಮ್ಮಾ, ಇದಕ್ಕೆಲ್ಲ ದಾರಿ ಇದೆ. ಇಬ್ಬರು ಚುರುಕು ಹುಡುಗರನ್ನ ಕರಿ. ಕಾಲರ್ ಹಿಡ್ಕೊಳ್ಳೋಕೆ ಹೇಳು. ನನ್ನ ಕಾಲದಲ್ಲಿ ಇನ್‌ಸ್ಪೆಕ್ಟರ್ ಬರೋ ದಿನ ಉತ್ತರ ಎಲ್ಲ ಮೊದಲೇ ಬಾಯಿಪಾಠ ಮಾಡಿಸಿ ಇಟ್ಟಿರ್ತಿದ್ದೆ.”

ಅವರು ಸಹಾಯ ಮಾಡಲು ಹೊರಟಿದ್ದರು, ಪಾಪ. ಆದರೆ ಬೆಳಗಿನಿಂದ ತಡೆದುಕೊಂಡಿದ್ದ ಸೊಸೆಯ ತಾಳ್ಮೆ ಅಲ್ಲಿಗೆ ಕಿತ್ತುಹೋಯಿತು.

“ಬೇಡ ಮಾವ. ನಾಟಕ ಮಾಡಿ ಗೆಲ್ಲೋದಾದ್ರೆ ನನಗೆ ಆ ಮನ್ನಣೆನೇ ಬೇಡ.”

“ನಾಟಕ? ಅಂದ್ರೆ ನಾನು ಮಾಡಿದ್ದು ನಾಟಕಾನಾ?”

“ಹಾಗಂತ ನಾನು ಅನ್ನಲಿಲ್ಲ.”

“ಅಂದೆ. ಮನೆಯಲ್ಲೂ ಅದನ್ನೇ ಅಂತೀಯ. ಒಂದೊಂದು ಊಟಕ್ಕೂ ಅಂತೀಯ!”

“ನೀವು ಊಟಕ್ಕೆ ಕೂತರೆ ತಾನೇ ಅನ್ನೋದು? ತಟ್ಟೆ ಹಿಡ್ಕೊಂಡು ಓಡಿಹೋಗೋರು ನೀವು!”

ಶಾಲೆ ಹುಟ್ಟಿದಾಗಿನಿಂದ ಅದರ ಕಾರಿಡಾರಿನಲ್ಲಿ ಬೆತ್ತದ ಮೇಷ್ಟ್ರ ಎದುರು ಯಾರೂ ಆ ದನಿಯಲ್ಲಿ ಮಾತನಾಡಿರಲಿಲ್ಲ. ಸಿಸ್ಟರ್ ಮತ್ತು ಪ್ರೊಫೆಸರ್ ಬಾಗಿಲಿಗೆ ಬಂದರು. ಹೆಡ್ ಮೇಡಂ ಎದೆಯ ಮೇಲೆ ಕೈ ಇಟ್ಟುಕೊಂಡರು. ಅಷ್ಟರಲ್ಲಿ ಆ ವಾರದ ಕಾವಲಿನ ಹುಡುಗಿ, ಎರಡು ಜಡೆಯ, ಆರನೇ ತರಗತಿಯ ಪುಟ್ಟ ದೇಹ, ಬಾಯಲ್ಲಿದ್ದ ತುತ್ತನ್ನು ನುಂಗಿ ಅವರಿಬ್ಬರ ಮುಂದೆ ಬಂದು ನಿಂತಳು.

“ಸರ್, ಮಿಸ್, ಮೇಜಿಗೆ ಬನ್ನಿ.”

“ಏ ಮರಿ,” ಎಂದರು ಮಾವ, “ನಾನು ಈ ಶಾಲೆ ಹೆಡ್‌ಮಾಸ್ಟರಾಗಿದ್ದವನು.”

“ಗೊತ್ತು ಸರ್. ನೀವು ಎಡಗಡೆ ಕುರ್ಚಿ.”

ಯಾರೋ ನಕ್ಕರು. ಮಾವ ಸುತ್ತ ನೋಡಿದರು. ಓಡಿಹೋಗುವವರು ಎಂಬ ಮಾತು ಇನ್ನೂ ಗಾಳಿಯಲ್ಲಿತ್ತು. ಅವರು ಬೂಟು ಸದ್ದು ಮಾಡುತ್ತ ಆ ಕೋಣೆಗೆ ನಡೆದು, ಮಕ್ಕಳ ಅಳತೆಯ ಕುರ್ಚಿಯಲ್ಲಿ ಮೊಣಕಾಲು ಎದೆಗೆ ತಾಗುವಂತೆ ಕುಳಿತರು. ಕಿಟಕಿಗಳಲ್ಲಿ ತಲೆಗಳು ತುಂಬಿಕೊಂಡವು. ಅವುಗಳಲ್ಲಿ ವಕೀಲಮ್ಮನದೂ ಒಂದು, ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡು.

“ಜಾಸ್ತಿ ಕೋಪ ಯಾರಿಗೆ ಬಂದಿದೆಯೋ ಅವರು ಮೊದಲು,” ಎಂದಳು ಹುಡುಗಿ.

ಇಬ್ಬರೂ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಆಮೇಲೆ ಮಾವ ಮೇಜನ್ನು ನೋಡುತ್ತ ಹೇಳಿದರು: “ನಾನು ಮೂವತ್ತು ವರ್ಷ ಮಾಡಿದ್ದೆಲ್ಲ ತಪ್ಪು ಅಂತ ನನ್ನ ಮನೆಯಲ್ಲೇ ನನಗೆ ಕೇಳಿಸ್ತಾ ಇದೆ. ತಟ್ಟೆ ತಗೊಂಡು ಹೊರಗೆ ಹೋದೆ. ಒಳಗೆ ಬನ್ನಿ ಅಂತ ಒಬ್ಬರೂ ಕರೀಲಿಲ್ಲ.”

“ಮಿಸ್, ನೀವು ಹೇಳಿ.”

“ಮಾವನಿಗೆ ನನ್ನ ಮೇಲೆ ಮುನಿಸು. ಅದಕ್ಕೆ ಅವರು ಹೊರಗೆ…”

“ಅಲ್ಲ ಮಿಸ್. ಮುನಿಸು ಅಂತ ಅವರು ಹೇಳಲಿಲ್ಲ.”

ಈ ಸಲ ಸಿಸ್ಟರೇ ನಕ್ಕುಬಿಟ್ಟರು. ಸೊಸೆ ಕೆಂಪಾದಳು. ಮಾವನ ಮುಖ ನೋಡಿ ಹೇಳಿದಳು: “ಅವರು ಮೂವತ್ತು ವರ್ಷ ಮಾಡಿದ್ದೆಲ್ಲ ತಪ್ಪು ಅಂತ ಅವರ ಮನೆಯಲ್ಲೇ ಅವರಿಗೆ ಕೇಳಿಸ್ತಾ ಇದೆ. ತಟ್ಟೆ ತಗೊಂಡು ಹೊರಗೆ ಹೋದಾಗ, ಒಳಗೆ ಬನ್ನಿ ಅಂತ ಅವರನ್ನ ನಾನು ಕರೀಲಿಲ್ಲ.”

“ಹೌದು,” ಎಂದರು ಮಾವ. “ಅದೇ.”

“ಈಗ ಮಿಸ್ ಸರದಿ.”

“ಈ ಮನೆಗೆ ಸೊಸೆಯಾಗಿ ಬರೋವಾಗ ನನಗಿದ್ದದ್ದು ಒಂದೇ ಖುಷಿ,” ಎಂದಳು ಸೊಸೆ. “ಮನೆಯಲ್ಲಿ ಇನ್ನೊಬ್ಬ ಟೀಚರ್ ಇದಾರೆ, ಸಂಜೆ ಕೂತು ಕ್ಲಾಸಿನ ವಿಷಯ ಮಾತಾಡಬಹುದು ಅಂತ. ಈ ಮೇಜಿನ ಬಗ್ಗೆ ಊರೆಲ್ಲ ನನ್ನ ಕೇಳ್ತು. ಯಾರು ಕೇಳಬೇಕು ಅಂತ ನನಗಿತ್ತೋ ಅವರು ಕೇಳಲಿಲ್ಲ.”

ಮಾವ ಎದೆ ಸೆಟೆಸಿ ಶುರು ಮಾಡಿದರು: “ಶಿಕ್ಷಕ ವೃತ್ತಿಯಲ್ಲಿ ಹಿರಿಯರ ಮಾರ್ಗದರ್ಶನ ಎಷ್ಟು ಮುಖ್ಯ ಅಂದ್ರೆ…”

“ಸರ್, ಅದು ಭಾಷಣ.”

“ಅವಳಿಗೆ ನನ್ನ ಅನುಭವ ಬೇಕಿತ್ತು.”

“ಮಿಸ್, ಅದೇನಾ?”

“ಅಲ್ಲ,” ಎಂದಳು ಸೊಸೆ.

ಬದುಕಿನುದ್ದಕ್ಕೂ ಬೇರೆಯವರಿಂದ ತಮ್ಮ ಮಾತನ್ನು ಒಪ್ಪಿಸಿಕೊಂಡವರು ಮಾವ. ಬೇರೆಯವರ ಮಾತನ್ನು ತಾವು ಒಪ್ಪಿಸಿದ್ದು ಇದೇ ಮೊದಲು. ಕರವಸ್ತ್ರ ತೆಗೆದು ಕನ್ನಡಕ ಒರೆಸಿದರು. ದನಿ ಇಳಿಯಿತು.

“ಮನೆಯಲ್ಲಿ ಇನ್ನೊಬ್ಬ ಟೀಚರ್ ಇದಾನೆ ಅಂತ ಖುಷಿಯಿಂದ ಬಂದಳು. ಊರೆಲ್ಲ ಕೇಳಿದ್ರೂ ಅವನು ಮಾತ್ರ ಒಂದು ದಿನ ಕೇಳಲಿಲ್ಲ. ಕೇಳಬೇಕಾದವನು ಅವನೇ ಆಗಿದ್ದ.”

“ಹೌದು ಮಾವ. ಅದೇ.”

“ಮುಗೀತು, ಇನ್ನು ಹೋಗಬಹುದು,” ಎಂದಳು ಹುಡುಗಿ.

ಮಾವ ಎದ್ದರು, ಆದರೆ ಹೋಗಲಿಲ್ಲ. ಕೈ ಕಟ್ಟಿಕೊಂಡು, ಶಾಲೆಯ ಹುಡುಗನ ಹಾಗೆ ನೆಟ್ಟಗೆ ನಿಂತು, “ನನ್ನನ್ನ ಕ್ಷಮಿಸಮ್ಮಾ,” ಎಂದರು.

ಕಾವಲಿನ ಹುಡುಗಿ ಗಾಬರಿಯಾದಳು. “ಸರ್, ಇಲ್ಲಿ ಕ್ಷಮೆ ಕೇಳೋದು ಕಡ್ಡಾಯ ಇಲ್ಲ.”

“ಕಡ್ಡಾಯ ಇಲ್ಲ ಅಂತಲೇ ಕೇಳ್ತಾ ಇದೀನಿ ಮರಿ.”

ಸೊಸೆ ಅತ್ತುಬಿಟ್ಟಳು. ಟೀಚರ್ ಅಳುವುದನ್ನು ನೋಡಿ ಕಿಟಕಿಯಲ್ಲಿದ್ದ ಮಕ್ಕಳಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಒಬ್ಬ ಚಪ್ಪಾಳೆ ತಟ್ಟಿದ, ಆಮೇಲೆ ಎಲ್ಲರೂ ತಟ್ಟಿದರು. ಪ್ರೊಫೆಸರ್ ಮಾವನ ಹತ್ತಿರ ಬಂದು, “ಸರ್, ಈಗ ಹಿರಿಯರಾಗಿ ನಿಮ್ಮ ಅಭಿಪ್ರಾಯ ಕೇಳೋದಿದೆ,” ಎಂದರು.

“ಕೇಳೋಕೆ ಇನ್ನೇನು ಉಳಿದಿದೆ?” ಎಂದರು ಮಾವ. “ಮೂವತ್ತು ವರ್ಷ ನಾನು ಕ್ಷಮೆ ಕೇಳಿಸಿದೀನಿ. ಒಂದೂ ಹೀಗಿರಲಿಲ್ಲ.”

ಆ ರಾತ್ರಿ ಸೊಸೆ ಊಟಕ್ಕೆ ಕರೆಯುವ ಮೊದಲೇ ಮಾವ ಒಳಗೆ ಬಂದು ಕುಳಿತಿದ್ದರು. ಅತ್ತೆ ಹುರಿದ ಮೀನಿನ ದೊಡ್ಡ ತುಂಡನ್ನು ಅವರ ತಟ್ಟೆಗೆ ಹಾಕಿ, “ಹೊರಗಿನ ಮೇಜಲ್ಲಿ ಕೂತದ್ದಾಯ್ತಲ್ಲ, ಇನ್ನು ನಮ್ಮ ಬಾಕಿ ಯಾವಾಗ?” ಎಂದರು. ಮಾವ ಮೀನಿನ ಮುಳ್ಳು ತೆಗೆಯುವುದರಲ್ಲಿ ಮಗ್ನರಾದರು.

ಫಲಿತಾಂಶಕ್ಕೆ ತಿಂಗಳು ಹಿಡಿಯಿತು. ಮಂಡಳಿಯ ಸಭಾಂಗಣದಲ್ಲಿ ಬೇರೆ ಬೇರೆ ಶಾಲೆಗಳ ಟೀಚರುಗಳು, ಫಾದರುಗಳು, ಸಿಸ್ಟರುಗಳು ತುಂಬಿದ್ದರು. ಮನೆಯವರು ಐವರೂ, ಜೊತೆಗೆ ಎರಡು ಜಡೆಯ ಆ ಕಾವಲಿನ ಹುಡುಗಿಯೂ, ಒಂದೇ ಸಾಲಿನಲ್ಲಿ ಕುಳಿತಿದ್ದರು. ಎತ್ತರದ ಸಿಸ್ಟರ್ ವೇದಿಕೆಗೆ ಬಂದು, “ಈ ವರ್ಷದ ಮನ್ನಣೆ ಒಂದು ಜಗಳಕ್ಕೆ,” ಎಂದದ್ದೇ ತಡ, ವಕೀಲಮ್ಮ ಕುರ್ಚಿಯ ಮೇಲೆ ಹತ್ತಿ ನಿಂತಳು. ಮಗ ಹೆಂಡತಿಯ ಭುಜ ಹಿಡಿದು ಕುಲುಕಿದ. ಅವನಿಂದ ಅಷ್ಟು ಸದ್ದು ಹೊರಟದ್ದನ್ನು ಅವನ ತಾಯಿಯೂ ಕೇಳಿರಲಿಲ್ಲ.

ಸೊಸೆ ವೇದಿಕೆಗೆ ಒಬ್ಬಳೇ ಹೋಗಲಿಲ್ಲ. ಎರಡು ಜಡೆಯ ಹುಡುಗಿಯನ್ನು ಕೈ ಹಿಡಿದು ಕರೆದುಕೊಂಡು ಹೋದಳು. ಮೈಕಿನ ಮುಂದೆ, “ಈ ಮೇಜಿಗೆ ಮೊದಲ ವಿರೋಧಿ ನಮ್ಮ ಮಾವ,” ಎಂದಳು. “ಕ್ಷಮೆಗೆ ಇಲ್ಲಿ ಜಾಗವೇ ಇಲ್ಲ ಅಂತಿದ್ರು. ಜಾಗ ಇದೆ ಅಂತ ಕೊನೆಗೆ ತೋರಿಸಿಕೊಟ್ಟವರೂ ಅವರೇ.” ಸಭೆ ಎದ್ದು ನಿಂತಿತು. ಎಲ್ಲರಿಗಿಂತ ಮೊದಲು ಎದ್ದವರು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಮಾವ.

ಜಗಳದ ಮೇಜು ಮಂಡಳಿಯ ಎಲ್ಲ ಶಾಲೆಗಳಿಗೂ ಹೋಗಬೇಕೆಂದು ತೀರ್ಮಾನವಾಯಿತು. ಶಾಲೆಶಾಲೆಗೆ ಹೋಗಿ ಕಲಿಸುವ ಹೊಣೆ ಸೊಸೆಗೆ ಬಂತು. ಜೊತೆಗೆ ಯಾರು ಬೇಕೆಂದು ಸಿಸ್ಟರ್ ಕೇಳಿದಾಗ ಅವಳು ಮಾವನ ಹೆಸರು ಹೇಳಿದಳು. “ನಾನಾ? ಬೆತ್ತದ ಮೇಷ್ಟ್ರು ನಾನು,” ಎಂದರು ಮಾವ. “ಅದಕ್ಕೇ ಸರ್,” ಎಂದರು ಸಿಸ್ಟರ್, “ನಮ್ಮಲ್ಲಿ ಅಂಥವರು ಇನ್ನೂ ಸುಮಾರು ಜನ ಇದಾರೆ.”

ಸೋಮವಾರ ಬೆಳಿಗ್ಗೆ ಇಬ್ಬರೂ ಚಹಾ ಕುಡಿದು ಮೊದಲ ಶಾಲೆಗೆ ಹೊರಟರು. ಗೇಟು ದಾಟುವ ಮುಂಚೆಯೇ ಶುರುವಾಯಿತು.

“ನೋಡಮ್ಮಾ, ಮೊದಲು ಟೀಚರುಗಳನ್ನ ಕೂರಿಸಬೇಕು, ಆಮೇಲೆ ಮಕ್ಕಳು.”

“ಇಲ್ಲ ಮಾವ, ಮಕ್ಕಳೇ ಮೊದಲು. ದೊಡ್ಡವರು ಅವರನ್ನ ನೋಡಿ ಕಲೀಬೇಕು.”

“ಕಲಿಯೋ ಜಾತಿ ಅಲ್ಲ ಅವರು. ನನ್ನ ಮಾತು ಕೇಳು.”

“ಕೇಳ್ತಾ ಇದೀನಿ. ನೀವು ಮುಗಿಸಿ, ನಾನು ತಿರುಗಿ ಹೇಳ್ತೀನಿ. ಆಮೇಲೆ ನಿಮ್ಮದು ತಪ್ಪು ಅಂತಾನೂ ಹೇಳ್ತೀನಿ.”

ಮಾವನ ನಗು ಬೀದಿಗೆಲ್ಲ ಕೇಳಿಸಿತು. ಅತ್ತೆ ಅಡುಗೆಮನೆಯ ಕಿಟಕಿಯಲ್ಲಿ ನಿಂತು, ಬೀದಿಯ ತಿರುವಿನ ತನಕ ಅವರಿಬ್ಬರ ವಾದವನ್ನು ಕೇಳಿಸಿಕೊಂಡರು. ಆಮೇಲೆ ಒಳಗಿದ್ದ ಮಗನಿಗೆ ಹೇಳಿದರು:

“ಎಷ್ಟು ಚೆನ್ನಾಗಿ ಜಗಳ ಆಡ್ತಾರೆ ನೋಡು. ನಿಮ್ಮಪ್ಪ ರಿಟೈರ್ ಆದ ಮೇಲೆ ಇವತ್ತೇ ಕೆಲಸಕ್ಕೆ ಹೋಗಿದ್ದು.”